ಪಿಇ-ಸೈ7 ವೈಯಲ್ ಬಂತಾ? ಮೊದಲು ಒಂಟಿಯಾಗಿ ಓಡಿಸಿ ನೋಡಿ

ಪುಣೆಯ ಲ್ಯಾಬ್‌ಗಳಲ್ಲಿ ಫ್ಲೋ ಸೈಟೋಮೆಟ್ರಿ (ಕೋಶಗಳಿಗೆ ಬಣ್ಣ ಅಂಟಿಸಿ, ಲೇಸರ್ ಮುಂದೆ ಒಂದೊಂದಾಗಿ ಹಾಯಿಸಿ ನೋಡುವುದು) ಮಾಡುವ ಕನ್ನಡದವರು ಸಾಕಷ್ಟು ಜನ ಇದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ. ಫ್ಲೋರೊಸೆಂಟ್ ಬಣ್ಣ ಜೋಡಿಸಿದ ಆಂಟಿಬಾಡಿ ತರಿಸಿದರೆ, ಅದರಲ್ಲೂ ಪಿಇ-ಸೈ7, ಎಪಿಸಿ-ಸೈ7 ಥರದ ಟ್ಯಾಂಡೆಮ್ (ಎರಡು ಬಣ್ಣ ಜೋಡಿಸಿ ಮಾಡಿದ್ದು) ಆದರೆ, ಡೀಲರ್ ಮಾತು ನಂಬಿ ನೇರ ಪ್ರಯೋಗಕ್ಕೆ ಇಳಿಯಬೇಡಿ.

ನಾವು ಮನುಷ್ಯರ ರಕ್ತದ ಟಿ ಕೋಶ ನೋಡುತ್ತಿದ್ದೆವು. ಸಿಡಿ3 ಎಫ್‌ಐಟಿಸಿ, ಸಿಡಿ8 ಪಿಇ, ಸಿಡಿ4 ಪಿಇ-ಸೈ7, ಮಾಮೂಲಿ ಪ್ಯಾನೆಲ್ (ಸಿಡಿ ಅಂದರೆ ಕೋಶದ ಮೈಮೇಲಿನ ಗುರುತು, ಪಕ್ಕದ್ದು ಅದನ್ನು ಹಿಡಿಯುವ ಆಂಟಿಬಾಡಿಯ ಬಣ್ಣ). ಗಣಪತಿ ಹಬ್ಬದ ಗಲಾಟೆಯ ನಡುವೆ ಸಿಡಿ4ರ ಹೊಸ ವೈಯಲ್ ಬಂತು. ಮೊದಲ ರನ್‌ನಲ್ಲೇ ಸಿಡಿ4, ಸಿಡಿ8 ಎರಡೂ ಇರುವ ಕೋಶಗಳು ರಾಶಿ ರಾಶಿ! ಟಿ ಕೋಶ ಬಲಿಯುವ ಥೈಮಸ್ ಗ್ರಂಥಿಯಲ್ಲಾದರೆ ಸರಿ, ಆರೋಗ್ಯವಂತರ ರಕ್ತದಲ್ಲಿ ಇಷ್ಟೊಂದಾ? ನಮ್ಮ ಧಾರವಾಡದ ಜೂನಿಯರ್ ಅಂತೂ "ಸರ್, ಇದು ಪೇಪರ್ ಆಗ್ತೈತ್ರಿ" ಅಂತ ಕುಣಿದಾಡಿದ.

ಪ್ಲಾಟ್ ಸರಿಯಾಗಿ ನೋಡಿದರೆ ಆ ಚುಕ್ಕೆಗಳು ಬೇರೆ ಗುಂಪಾಗಿರಲೇ ಇಲ್ಲ. ಸಿಡಿ4ರ ಇಡೀ ಗುಂಪು ಓರೆಯಾಗಿ ಪಿಇ ಕಡೆಗೆ ವಾಲಿತ್ತು, ಸಿಡಿ4 ಎಷ್ಟು ಹೊಳೆಯುತ್ತೋ ಪಿಇ ಕೂಡ ಅಷ್ಟೇ ಜಾಸ್ತಿ. ಹಳೆಯ ವೈಯಲ್‌ನ ತಳದಲ್ಲಿ ಒಂದೆರಡು ಮೈಕ್ರೋಲೀಟರ್ ಉಳಿದಿತ್ತು, ಪುಣ್ಯ. ಅದನ್ನೂ ಹೊಸದನ್ನೂ ಬೇರೆ ಬೇರೆ ಟ್ಯೂಬಿಗೆ ಒಂಟಿಯಾಗಿ ಹಾಕಿ ಓಡಿಸಿದೆವು. ಹಳೆಯದು ಸರಿಯಾಗಿತ್ತು. ಹೊಸದರ ಟ್ಯೂಬಿನಲ್ಲಿ ಪಿಇ ಆಂಟಿಬಾಡಿ ಹಾಕಿಯೇ ಇಲ್ಲ, ಆದರೂ ಪಿಇ ಚಾನೆಲ್‌ನಲ್ಲಿ ಜೋರು ಸಿಗ್ನಲ್.

ಆಗಿದ್ದು ಇಷ್ಟೇ. ಟ್ಯಾಂಡೆಮ್‌ನಲ್ಲಿ ಲೇಸರ್ ಬೆಳಕು ಹೀರುವುದು ಪಿಇ. ಅದು ಆ ಶಕ್ತಿಯನ್ನು ಪಕ್ಕದ ಸೈ7ಗೆ ದಾಟಿಸುತ್ತದೆ, ಸೈ7 ಸುಮಾರು 780 ನ್ಯಾನೋಮೀಟರ್ ಹತ್ತಿರ ಹೊಳೆಯುತ್ತದೆ. ಬೆಳಕಿಗೋ ಬಿಸಿಗೋ ಸೈ7 ಕೆಟ್ಟರೆ ಪಿಇ ಶಕ್ತಿಯನ್ನು ಯಾರಿಗೂ ಕೊಡದೆ ತಾನೇ 578ರ ಸುತ್ತ ಹೊಳೆಯಲು ಶುರು ಮಾಡುತ್ತದೆ. ಸಿಗ್ನಲ್ ಸತ್ತಿದ್ದರೆ ನಮಗೆ ತಕ್ಷಣ ಗೊತ್ತಾಗುತ್ತಿತ್ತು. ಇದು ಸಾಯುವುದಿಲ್ಲ, ಪಕ್ಕದ ಚಾನೆಲ್‌ನಲ್ಲಿ ಸುಳ್ಳು ಹೇಳುತ್ತದೆ. ಇದರ ಮೇಲೆ ಯಂತ್ರ ನೋಡಿಕೊಳ್ಳುವವರು ಹಳೆಯ ವೈಯಲ್‌ನಿಂದ ಮಾಡಿಟ್ಟ ಕಾಂಪನ್ಸೇಶನ್ನೇ (ಒಂದು ಬಣ್ಣ ಇನ್ನೊಂದರ ಚಾನೆಲ್‌ಗೆ ಸೋರುವುದನ್ನು ಕಳೆಯುವ ಲೆಕ್ಕ) ಹಾಕಿಕೊಟ್ಟಿದ್ದರು. ಟ್ಯಾಂಡೆಮ್‌ಗೆ ಅದು ನಡೆಯಲ್ಲ ರೀ, ಆವತ್ತು ಬಳಸುವ ವೈಯಲ್‌ನಿಂದಲೇ ಒಂಟಿ ಬಣ್ಣದ ಕಂಟ್ರೋಲ್ ಮಾಡಬೇಕು, ಸ್ಯಾಂಪಲ್ ಫಿಕ್ಸ್ (ಕೋಶ ಕೆಡದಂತೆ ರಾಸಾಯನಿಕ ಹಾಕುವುದು) ಮಾಡಿದರೆ ಕಂಟ್ರೋಲನ್ನೂ ಅಷ್ಟೇ ಹೊತ್ತು ಫಿಕ್ಸ್ ಮಾಡಬೇಕು.

ಕೆದಕಿದಾಗ ಗೊತ್ತಾಯಿತು: ಡೀಲರ್ ಗೋಡೌನ್‌ನಲ್ಲಿ ವೈಯಲ್‌ಗಳನ್ನು ಡಬ್ಬಿಯಿಂದ ತೆಗೆದು ಗಾಜಿನ ಬಾಗಿಲಿನ ಫ್ರಿಜ್‌ನಲ್ಲಿ ಜೋಡಿಸಿಟ್ಟಿದ್ದಾರೆ, ಒಳಗೆ ಹಗಲು ರಾತ್ರಿ ಲೈಟ್ ಉರಿಯುತ್ತದೆ. ಆಮೇಲೆ ವಿಸರ್ಜನೆಗೆ ಲಕ್ಷ್ಮೀ ರಸ್ತೆ ಬಂದ್ ಆಗಿ ನಮ್ಮ ಬಾಕ್ಸ್ ರಾತ್ರಿಯಿಡೀ ಕೊರಿಯರ್ ಆಫೀಸಿನಲ್ಲಿ ಬಿದ್ದಿತ್ತು. ಕೈಗೆ ಬಂದಾಗ ಜೆಲ್ ಪ್ಯಾಕ್ ಕರಗಿ ಮೆತ್ತಗಾಗಿತ್ತು. ಫೋನ್ ಮಾಡಿದರೆ ಡೀಲರ್ ಮರಾಠಿಯಲ್ಲಿ "ಥಂಡಚ್ ಹೋತಂ ನಾ ಸರ್" (ತಂಪಾಗೇ ಇತ್ತಲ್ಲ ಸರ್) ಅಂತಾನೆ. ತಂಪಾಗಿದ್ದರೆ ಸಾಕಾ, ಕತ್ತಲೆ ಬೇಡವಾ?

ಇನ್ನೊಂದು ಲ್ಯಾಬ್‌ಗೆ ಇದೇ ಡೀಲರ್ "ಮೈನಸ್ 20ರಲ್ಲಿ ಇಡಿ, ಬಾಳಿಕೆ ಜಾಸ್ತಿ" ಅಂದಿದ್ದನಂತೆ. ಮಾಡಬೇಡಿ. ಪಿಇ, ಎಪಿಸಿ ಎರಡೂ ದೊಡ್ಡ ಪ್ರೋಟೀನ್‌ಗಳು, ಹೆಪ್ಪುಗಟ್ಟಿದರೆ ಹೊಳಪು ಹೋಗುತ್ತದೆ. 2ರಿಂದ 8 ಡಿಗ್ರಿ, ಕತ್ತಲಲ್ಲಿ, ಫಾಯಿಲ್ ಸುತ್ತಿ. ಫ್ರಿಜ್‌ನ ಹಿಂದಿನ ಗೋಡೆಗೆ ತಾಗಿಸಿಯೂ ಇಡಬೇಡಿ, ಎಷ್ಟೋ ಫ್ರಿಜ್‌ಗಳಲ್ಲಿ ಅಲ್ಲಿ ಐಸ್ ಕಟ್ಟುತ್ತದೆ.

"ಓಪನ್ ಆದ ವೈಯಲ್ ವಾಪಸ್ ಇಲ್ಲ" ಅಂತ ಡೀಲರ್ ಕೈ ಎತ್ತಿದ. ಕೊನೆಗೆ ಎರಡೂ ವೈಯಲ್‌ನ ಒಂಟಿ ಪ್ಲಾಟ್, ಲಾಟ್ ನಂಬರ್, ಕರಗಿದ ಜೆಲ್ ಪ್ಯಾಕ್‌ನ ಫೋಟೋ ಸೇರಿಸಿ ಕಂಪನಿಗೇ ನೇರ ಮೇಲ್ ಹಾಕಿದ ಮೇಲೆ ಬದಲಿ ಬಂತು. ಫೋಟೋ ಇರಲಿಲ್ಲ ಅಂದಿದ್ದರೆ ಅದೂ ಕಷ್ಟವಿತ್ತು, ಬಾಕ್ಸ್ ತೆರೆಯುವಾಗಲೇ ತೆಗೆದಿಟ್ಟುಕೊಳ್ಳಿ.