ಹಾಟ್‌ಆಡ್ ವೇಗಕ್ಕೆ ಮರುಳಾಗಿ ಡೇಟಾಸ್ಟೋರ್ ತುಂಬಿಸಿಕೊಂಡೆ

ವಿಎಂವೇರ್‌ನಲ್ಲಿ ವಿಎಂ (ವರ್ಚುವಲ್ ಮೆಷಿನ್) ಬ್ಯಾಕಪ್ ನೋಡಿಕೊಳ್ಳುವವರು ಇದನ್ನೊಮ್ಮೆ ಓದಿ. ತಪ್ಪು ನನ್ನದೇ, ಸಾಫ್ಟ್‌ವೇರ್‌ನದ್ದಲ್ಲ. ಡೇಟಾಸ್ಟೋರ್ ಅಂದರೆ ವಿಎಂಗಳ ಡಿಸ್ಕ್ ಫೈಲುಗಳಿರುವ ಸ್ಟೋರೇಜ್.

ಮೊದಲು ನಮ್ಮಲ್ಲಿ ಎನ್‌ಬಿಡಿ ಇತ್ತು, ಅಂದರೆ ನೆಟ್‌ವರ್ಕ್ ಮೂಲಕ ಡಿಸ್ಕ್ ಓದುವ ವಿಧಾನ. ಅದರಲ್ಲಿ ಡೇಟಾ ಹೋಸ್ಟ್‌ನ (ವಿಎಂಗಳು ಓಡುವ ಸರ್ವರ್) 902ನೇ ಪೋರ್ಟ್‌ನಿಂದ ಮ್ಯಾನೇಜ್‌ಮೆಂಟ್ ನೆಟ್‌ವರ್ಕ್ ಮೇಲೆ ಬರುತ್ತದೆ. ನಮ್ಮದು 1 ಗಿಗಾಬಿಟ್ ಲಿಂಕ್, ಸೆಕೆಂಡಿಗೆ 100 ಎಂಬಿ ಸಿಕ್ಕರೆ ಅದೇ ಹೆಚ್ಚು. 2 ಟಿಬಿಯ ಫೈಲ್ ಸರ್ವರ್‌ನ ಫುಲ್ ಬ್ಯಾಕಪ್‌ಗೆ ಐದೂವರೆ ಗಂಟೆ. ನನಗೆ ತಾಳ್ಮೆ ಕಡಿಮೆ. ಹಾಟ್‌ಆಡ್‌ಗೆ ಬದಲಾಯಿಸಿದೆ. ಇಲ್ಲಿ ಪ್ರಾಕ್ಸಿ, ಅಂದರೆ ಡೇಟಾ ಓದಿ ಬ್ಯಾಕಪ್‌ಗೆ ಕಳಿಸುವ ಯಂತ್ರವೂ ಒಂದು ವಿಎಂ. ಸ್ನ್ಯಾಪ್‌ಶಾಟ್ ತೆಗೆದರೆ ಮೂಲ ಡಿಸ್ಕ್ ಆ ಕ್ಷಣದಲ್ಲಿದ್ದ ಹಾಗೇ ನಿಲ್ಲುತ್ತದೆ, ಹೊಸ ಬರಹ ಬೇರೆ ಫೈಲಿಗೆ ಹೋಗುತ್ತದೆ. ಆಮೇಲೆ ಆ ಮೂಲ ಡಿಸ್ಕನ್ನೇ ಪ್ರಾಕ್ಸಿಗೆ ಜೋಡಿಸಿ ಓದುತ್ತದೆ, ಮುಗಿದ ಮೇಲೆ ಬಿಚ್ಚುತ್ತದೆ. ಸಮಯ ಅರ್ಧಕ್ಕಿಂತ ಕಡಿಮೆಯಾಯಿತು. ಖುಷಿಯಲ್ಲಿ ಮತ್ತೆ ಆ ಕಡೆ ತಿರುಗಿಯೂ ನೋಡಲಿಲ್ಲ.

ಒಂದು ರಾತ್ರಿ ಬ್ಯಾಕಪ್ ನಡೆಯುತ್ತಿರುವಾಗಲೇ ಪ್ರಾಕ್ಸಿ ಅಪ್‌ಡೇಟ್ ಹಾಕಿಕೊಂಡು ರೀಬೂಟ್ ಆಯಿತು. ಡಿಸ್ಕ್ ಬಿಚ್ಚುವವರೇ ಇಲ್ಲ. ಆಮೇಲೆ ಜಾಬ್ ತಾನೇ ಎನ್‌ಬಿಡಿಗೆ ಜಾರಿ ಕೆಲಸ ಮುಗಿಸಿತ್ತು, ಬೆಳಿಗ್ಗೆ ರಿಪೋರ್ಟ್ ಹಸಿರು. ಹಸಿರು ಕಂಡರೆ ಯಾರು ಒಳಗೆ ಹೋಗಿ ನೋಡ್ತಾರೆ, ಅಲ್ವಾ?

ಹತ್ತೊಂಬತ್ತನೇ ದಿನ ಫೈಲ್ ಸರ್ವರ್ ನಿಂತಿತು. ಡಿಸ್ಕ್‌ಗೆ ಜಾಗ ಇಲ್ಲ, ರೀಟ್ರೈ ಒತ್ತುತ್ತೀರೋ ಕ್ಯಾನ್ಸಲ್ ಒತ್ತುತ್ತೀರೋ ಎಂಬ ಪ್ರಶ್ನೆ ಪರದೆಯ ಮೇಲೆ. ಕ್ಯಾನ್ಸಲ್ ಒತ್ತಬೇಡಿ, ವಿಎಂ ಆಫ್ ಆಗುತ್ತದೆ. ಸ್ನ್ಯಾಪ್‌ಶಾಟ್ ಮ್ಯಾನೇಜರ್ ತೆರೆದರೆ ಖಾಲಿ. ಡೇಟಾಸ್ಟೋರ್ ಬ್ರೌಸರ್‌ನಲ್ಲಿ ಮಾತ್ರ 000001, 000002 ಅಂತ ಬಾಲ ಹೊತ್ತ ಫೈಲುಗಳ ಸಾಲು. ಪ್ರಾಕ್ಸಿ ಹಿಡಿದುಕೊಂಡಿದ್ದ ಡಿಸ್ಕ್ ಲಾಕ್ ಆಗಿತ್ತು. ಹಾಗಾಗಿ ಪ್ರತಿ ರಾತ್ರಿ ಸ್ನ್ಯಾಪ್‌ಶಾಟ್ ಅಳಿಸಿದರೂ ಪಟ್ಟಿಯಿಂದ ಹೆಸರು ಹೋಗುತ್ತಿತ್ತು, ಫೈಲ್ ಉಳಿಯುತ್ತಿತ್ತು. ಒಂದರ ಮೇಲೊಂದು ಸೇರುವ ಇಂಥ ಫೈಲುಗಳ ಸರಪಳಿಗೆ ಮಿತಿ 32. ಒಂದೇ ಸ್ನ್ಯಾಪ್‌ಶಾಟನ್ನು 72 ಗಂಟೆಗಿಂತ ಜಾಸ್ತಿ ಇಡಬೇಡಿ ಅಂತ ವಿಎಂವೇರ್ ಹೇಳುತ್ತಲೇ ಇದೆ. ‘ಕನ್ಸಾಲಿಡೇಶನ್ ಬೇಕು’ (ಉಳಿದ ಫೈಲುಗಳನ್ನು ಮೂಲ ಡಿಸ್ಕ್‌ಗೆ ಸೇರಿಸಬೇಕು) ಅನ್ನುವ ಹಳದಿ ಎಚ್ಚರಿಕೆಯೂ ವಿಎಂ ಮೇಲೆ ಇತ್ತಂತೆ. ನಾನು ಬ್ಯಾಕಪ್ ರಿಪೋರ್ಟ್ ಬಿಟ್ಟು ಬೇರೇನೂ ನೋಡುತ್ತಿರಲಿಲ್ಲ.

ಪ್ರಾಕ್ಸಿಯ ಸೆಟ್ಟಿಂಗ್ಸ್‌ನಲ್ಲಿ ತನ್ನದಲ್ಲದ ಒಂದು ಹಾರ್ಡ್ ಡಿಸ್ಕ್ ಸುಮ್ನೆ ಕೂತಿತ್ತು. ಅದನ್ನು ತೆಗೆಯುವಾಗ ಕೈ ನಡುಗಿತು. ಪಕ್ಕದಲ್ಲೇ ‘ಡೇಟಾಸ್ಟೋರ್‌ನಿಂದ ಫೈಲುಗಳನ್ನೂ ಅಳಿಸು’ ಅನ್ನುವ ಟಿಕ್ ಇರುತ್ತದೆ. ಅದನ್ನು ಯಾವ ಕಾರಣಕ್ಕೂ ಹಾಕಬೇಡಿ, ಅದು ನಿಮ್ಮ ಅಸಲಿ ಡಿಸ್ಕ್. ಆಮೇಲೆ ಬೇರೆರಡು ವಿಎಂಗಳನ್ನು ಇನ್ನೊಂದು ಡೇಟಾಸ್ಟೋರ್‌ಗೆ ಸಾಗಿಸಿ ಜಾಗ ಮಾಡಿಕೊಂಡು ಕನ್ಸಾಲಿಡೇಟ್ ಕೊಟ್ಟೆ. ಹನ್ನೊಂದು ಗಂಟೆ ತೆಗೆದುಕೊಂಡಿತು.

ಹಾಗಾದರೆ ಪ್ರಾಕ್ಸಿ ಸ್ಟೋರೇಜ್ ನೆಟ್‌ವರ್ಕ್‌ನಿಂದಲೇ ಓದುವ ನೇರ ಸ್ಯಾನ್ ಮೋಡ್ ಒಳ್ಳೆಯದಾ ಅಂತ ಕೇಳಬಹುದು. ವೇಗ ನಿಜ. ಆದರೆ ವಿಂಡೋಸ್ ಪ್ರಾಕ್ಸಿಗೆ ಡೇಟಾಸ್ಟೋರ್‌ನ ಲನ್ (ಸ್ಟೋರೇಜ್ ಹಂಚಿಕೊಟ್ಟ ಡಿಸ್ಕ್) ಕಾಣಿಸಿದ ಕೂಡಲೇ ‘ಹೊಸ ಡಿಸ್ಕ್, ಇನಿಶಿಯಲೈಸ್ ಮಾಡಲೇ?’ ಅಂತ ಕೇಳುತ್ತದೆ. ಯಾರೋ ಓಕೆ ಒತ್ತಿದರೆ ಪಾರ್ಟಿಷನ್ ಟೇಬಲ್ (ಡಿಸ್ಕ್ ಹೇಗೆ ಭಾಗವಾಗಿದೆ ಎಂಬ ಪಟ್ಟಿ) ಹೋಯಿತು. ಸ್ಟೋರೇಜ್ ಕಡೆಯಿಂದಲೇ ಓದಲಷ್ಟೇ ಅನುಮತಿ ಕೊಡಲು ಆಗದಿದ್ದರೆ ಆ ದಾರಿಗೆ ಹೋಗಲೇಬೇಡಿ.

ಫೈಲ್ ಸರ್ವರ್ ಈಗ ಮತ್ತೆ ಎನ್‌ಬಿಡಿಯಲ್ಲಿದೆ. ಬದಲಾದ ಬ್ಲಾಕ್‌ಗಳಷ್ಟೇ ಬರುವುದರಿಂದ ದಿನದ ಬ್ಯಾಕಪ್ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಐದೂವರೆ ಗಂಟೆಯದ್ದು ಶನಿವಾರ ರಾತ್ರಿ ಓಡುತ್ತದೆ, ಆ ಹೊತ್ತಿಗೆ ಅದನ್ನು ಕಾಯುವವರು ಯಾರೂ ಇಲ್ಲ.