ಡಬ್ಬಿ ಮೇಲಿನ ‘ಲೋ ವಾಲ್ಯೂಮ್’ ನಂಬಿ ಮಾಸ್ಕ್ ಕೊಳ್ಳಬೇಡಿ

ಫ್ರೀಡೈವಿಂಗ್‌ಗೆ, ಅಂದರೆ ಒಂದೇ ಉಸಿರು ಹಿಡಿದು ನೀರಿನಾಳಕ್ಕೆ ಇಳಿಯುವುದಕ್ಕೆ, ಕಣ್ಣು ಮೂಗು ಮುಚ್ಚುವ ಗಾಜಿನ ಮಾಸ್ಕ್ ಹುಡುಕುತ್ತಿದ್ದೀರಾ? ದುಡ್ಡು ಕೊಡುವ ಮುಂಚೆ ಇದನ್ನು ಓದಿ. ‘ಲೋ ವಾಲ್ಯೂಮ್’ (ಒಳಗೆ ಗಾಳಿಯ ಜಾಗ ಕಡಿಮೆ) ಅಂತ ಹೇಳಿ ಮಾರಿದ ಒಂದು ಮಾಸ್ಕ್‌ನಿಂದ ನನ್ನ ಎರಡೂ ಕಣ್ಣಿನ ಬಿಳಿಭಾಗ ರಕ್ತಗೆಂಪಾಯಿತು. ದೃಷ್ಟಿಗೆ ಏನೂ ಆಗಲಿಲ್ಲ, ಪುಣ್ಯ. ಹೊಸದಾಗಿ ಕಲಿಯುವವರು ಇದೇ ಮಾತು ಕೇಳಿ ಇಂಥದ್ದನ್ನೇ ಕೊಂಡುಬಿಡಬಾರದು ಅಂತ ಬರೆಯುತ್ತಿದ್ದೇನೆ.

ಅಂಗಡಿಯವರು ಹೇಳಿದ್ದು ಇಷ್ಟು: ಫ್ರೀಡೈವಿಂಗ್‌ಗಂತಲೇ ಮಾಡಿದ್ದು, ಒಳಗೆ ಜಾಗ ಕಡಿಮೆ, ಎಲ್ಲ ಮುಖಕ್ಕೂ ಕೂರುತ್ತದೆ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಜೋರಾಗಿ ಉಸಿರೆಳೆಯಿರಿ ಅಂದರು. ಎಳೆದೆ, ಅಂಟಿಕೊಂಡಿತು. ‘ನಿಮ್ಮ ಅಳತೆಗೇ ಮಾಡಿದ ಹಾಗಿದೆ’ ಅಂದರು. ಜೋರಾಗಿ ಎಳೆದರೆ ಹೆಚ್ಚುಕಡಿಮೆ ಯಾವ ಮಾಸ್ಕ್ ಆದರೂ ಅಂಟಿಕೊಳ್ಳುತ್ತದೆ. ಆ ಪರೀಕ್ಷೆಯಿಂದ ಗೊತ್ತಾಗುವುದು ಬಹಳ ಕಡಿಮೆ.

ನೀರಿನಲ್ಲಿ ಆಗಿದ್ದು ಹೀಗೆ. ಹಗ್ಗದ ಪಕ್ಕ ತಲೆಕೆಳಗಾಗಿ ಇಳಿಯುತ್ತಿದ್ದೆ. ಕಿವಿ ಈಕ್ವಲೈಸ್ ಮಾಡಲು, ಅಂದರೆ ಒಳಗಿನಿಂದ ಗಾಳಿ ತಳ್ಳಿ ಕಿವಿಯ ಒತ್ತಡವನ್ನು ಹೊರಗಿನದಕ್ಕೆ ಸರಿಹೊಂದಿಸಲು, ಮೂಗು ಒತ್ತಿ ಹಿಡಿಯಬೇಕು, ಅಲ್ವಾ? ಈ ಮಾಸ್ಕ್‌ನ ಮೂಗಿನ ಭಾಗ ದಪ್ಪ, ಬಿರುಸು. ಎರಡು ಬೆರಳಲ್ಲಿ ಬಲವಾಗಿ ಅದುಮಿದರೆ ಮಾತ್ರ ಹೊಳ್ಳೆ ಮುಚ್ಚುತ್ತಿತ್ತು. ಕೆಳಗೆ ಹೋದಷ್ಟೂ ಮಾಸ್ಕ್ ಮುಖಕ್ಕೆ ಒತ್ತಿಕೊಳ್ಳುತ್ತದೆ, ಆ ಭಾಗ ಇನ್ನೂ ಬಿಗಿಯಾಗುತ್ತದೆ. ಮಾಸ್ಕ್‌ಗೆ ಗಾಳಿ ಕೊಡಲು ಮೂಗು ಬಿಟ್ಟೆ. ಬಾಯಲ್ಲಿ ಕೂಡಿಟ್ಟಿದ್ದ ಗಾಳಿಯನ್ನೆಲ್ಲ ಅದೇ ನುಂಗಿತು, ಕಿವಿಗೆ ಏನೂ ಉಳಿಯಲಿಲ್ಲ. ತಲೆಕೆಳಗಾಗಿದ್ದಾಗ ಶ್ವಾಸಕೋಶದಿಂದ ಮತ್ತೆ ಬಾಯಿಗೆ ಗಾಳಿ ತರುವುದು ಸುಲಭವಲ್ಲ. 20 ಮೀಟರ್ ಹತ್ತಿರ ಬರುವಷ್ಟರಲ್ಲಿ ಕಣ್ಣಿನ ಸುತ್ತ ಎಳೆತ ಶುರುವಾಯಿತು. ಕಣ್ಣುಗುಡ್ಡೆಯನ್ನು ಯಾರೋ ಹೊರಕ್ಕೆ ಜಗ್ಗುತ್ತಿರುವ ಹಾಗೆ. ತಿರುಗಿ ಮೇಲೆ ಬಂದೆ.

ಮೇಲೆ ಬಂದಾಗ ನೋವು ಇರಲಿಲ್ಲ. ಮಾಸ್ಕ್ ತೆಗೆದ ಕೂಡಲೇ ಜೊತೆಗಾರನ ಮುಖ ಬದಲಾಯಿತು. ಕನ್ನಡಿಯಲ್ಲಿ ನೋಡಿದರೆ ಕಪ್ಪುಗುಡ್ಡೆಯ ಎರಡೂ ಪಕ್ಕ ರಕ್ತ ಹರಡಿತ್ತು, ರೆಪ್ಪೆ ಊದಿತ್ತು, ಕೆನ್ನೆಯ ಮೇಲೆ ಮಾಸ್ಕ್ ಅಂಚಿನ ಉದ್ದಕ್ಕೂ ಸಾಸಿವೆಯಷ್ಟು ಕೆಂಪು ಚುಕ್ಕೆಗಳು. ಕಣ್ಣಿನ ಡಾಕ್ಟರ್ ನೋಡಿ, ಮೇಲ್ಪದರದ ಸಣ್ಣ ರಕ್ತನಾಳಗಳು ಒಡೆದಿವೆ, ತಾನಾಗಿಯೇ ಇಂಗುತ್ತದೆ ಅಂದರು. ಪೂರ್ತಿ ಬಿಳಿಯಾಗಲು ವಾರಗಳೇ ಹಿಡಿದವು. ಇಂಥದ್ದು ನಿಮಗಾದರೆ ವಾಸಿಯಾಗುವ ತನಕ ಡೈವಿಂಗ್ ಬೇಡ. ಕಣ್ಣು ಮಂಜಾದರೆ, ಎರಡೆರಡು ಕಂಡರೆ, ನೋವಿದ್ದರೆ ಒಂದು ದಿನವೂ ಕಾಯದೆ ಡಾಕ್ಟರ್ ಹತ್ತಿರ ಹೋಗಿ.

ಯಾಕೆ ಹೀಗಾಗುತ್ತದೆ? ಮಕ್ಕಳು ಬಾಯಿಗೆ ಲೋಟ ಇಟ್ಟು ಗಾಳಿ ಎಳೆದು, ತುಟಿ ಸುತ್ತ ಕೆಂಪು ಉಂಗುರ ಮಾಡಿಕೊಳ್ಳುತ್ತಾರಲ್ಲ, ಅದೇ. ನೀರಿನ ಮೇಲೆ ಒತ್ತಡ 1 ಅಟ್ಮಾಸ್ಫಿಯರ್. 10 ಮೀಟರ್ ಆಳದಲ್ಲಿ 2, 20ರಲ್ಲಿ 3, 30ರಲ್ಲಿ 4. ಮಾಸ್ಕ್ ಒಳಗಿನ ಗಾಳಿ ಆ ಲೆಕ್ಕದಲ್ಲೇ ಕುಗ್ಗುತ್ತದೆ. ಗಾಜು ಕುಗ್ಗುವುದಿಲ್ಲ, ಸಿಲಿಕೋನ್ ಸ್ವಲ್ಪ ಮಾತ್ರ ಬಗ್ಗುತ್ತದೆ. ಮೂಗಿನಿಂದ ಗಾಳಿ ತುಂಬಿಸದಿದ್ದರೆ ಆ ಖಾಲಿ ಜಾಗ ನಿಮ್ಮ ಚರ್ಮವನ್ನೂ ಕಣ್ಣನ್ನೂ ಎಳೆಯುತ್ತದೆ.

ಸ್ಕೂಬಾದಲ್ಲಿ ಬೆನ್ನ ಮೇಲೆ ಸಿಲಿಂಡರ್ ಇರುತ್ತದೆ, ಮಾಸ್ಕ್‌ಗೆ ಎಷ್ಟು ಗಾಳಿ ಹೋದರೂ ಚಿಂತೆಯಿಲ್ಲ. ಫ್ರೀಡೈವಿಂಗ್‌ನಲ್ಲಿ ಇರುವುದು ಒಂದೇ ಉಸಿರು. 150 ಮಿ.ಲೀ. ಜಾಗದ ಮಾಸ್ಕ್‌ಗೆ 30 ಮೀಟರ್‌ನಲ್ಲಿ, ನೀರಿನ ಮೇಲಿನ ಅಳತೆಯಲ್ಲಿ 450 ಮಿ.ಲೀ. ಗಾಳಿ ಹೆಚ್ಚಿಗೆ ಬೇಕು. 80 ಮಿ.ಲೀ. ಮಾಸ್ಕ್‌ಗೆ 240 ಸಾಕು. ಅಷ್ಟು ಆಳದಲ್ಲಿ ಶ್ವಾಸಕೋಶವೇ ಕಾಲುಭಾಗಕ್ಕೆ ಇಳಿದಿರುತ್ತದೆ. ಆ ವ್ಯತ್ಯಾಸ ಅಲ್ಲಿ ತುಂಬಾ ದೊಡ್ಡದು.

ನನ್ನ ಮಾಸ್ಕ್ ಡಬ್ಬಿ ಮೇಲೆ 100 ಮಿ.ಲೀ. ಅಂತ ಅಚ್ಚಾಗಿತ್ತು. ಮನೆಗೆ ಬಂದು ಅಳೆದೆ. ಮಾಸ್ಕನ್ನು ಗಾಜು ಕೆಳಗಾಗಿ ಹಿಡಿದು, ಅಂಚಿನ ತನಕ ನೀರು ತುಂಬಿಸಿ, ಉಸಿರು ಹಿಡಿದು ಮೆಲ್ಲಗೆ ಮುಖ ಇಳಿಸಿ. ಹೆಚ್ಚಿನ ನೀರು ಚೆಲ್ಲಿಹೋಗುತ್ತದೆ. ಮುಖ ಎತ್ತಿ, ಒಳಗೆ ಉಳಿದದ್ದನ್ನು ಅಳತೆ ಲೋಟಕ್ಕೆ ಸುರಿಯಿರಿ. ತೀರಾ ನಿಖರವಲ್ಲ, ಆದರೆ ಅಂದಾಜು ಸಿಗುತ್ತದೆ. ನನಗೆ ಸಿಕ್ಕಿದ್ದು 170 ಮಿ.ಲೀ. ಗಿಂತ ಜಾಸ್ತಿ. ಒಂದೇ ಮಾಸ್ಕ್ ಕಣ್ಣು ಆಳಕ್ಕಿರುವವರ ಮುಖದಲ್ಲಿ ಒಂದು ಅಳತೆ, ಕೆನ್ನೆ ತುಂಬಿರುವವರ ಮುಖದಲ್ಲಿ ಇನ್ನೊಂದು. ನಿಮ್ಮ ಮುಖದಲ್ಲಿ ಎಷ್ಟು ಅನ್ನುವುದನ್ನು ಡಬ್ಬಿ ಹೇಳುವುದಿಲ್ಲ.

ಹಾಗಂತ ಅತಿ ಸಣ್ಣದನ್ನೇ ಹುಡುಕಿಕೊಂಡು ಹೋಗಬೇಡಿ. ಆಮೇಲೆ ಪ್ರಯತ್ನಿಸಿದ ಇನ್ನೊಂದು ಮಾಸ್ಕ್ ನಿಜಕ್ಕೂ ಚಿಕ್ಕದು. ಆದರೆ ಸಿಲಿಕೋನ್ ಬಗ್ಗಿದ ಕೂಡಲೇ ಫ್ರೇಮ್ ಹುಬ್ಬಿನ ಮೂಳೆಗೆ ಒತ್ತುತ್ತಿತ್ತು, ರೆಪ್ಪೆಗೂದಲು ಗಾಜಿಗೆ ತಾಗುತ್ತಿತ್ತು. ಹುಬ್ಬಿನ ಮೂಳೆ ಮುಂದಿರುವವರಿಗೆ ಈ ತೊಂದರೆ ಹೆಚ್ಚು.

ಅಂಗಡಿಯಲ್ಲಿ ಮಾಡಬೇಕಾದದ್ದು ಇದು. ತಲೆ ಹಿಂದಕ್ಕೆ ಬಾಗಿಸಿ, ಮಾಸ್ಕನ್ನು ಸುಮ್ನೆ ಮುಖದ ಮೇಲೆ ಇಡಿ, ಒತ್ತಬೇಡಿ. ಅಂಚು ಸುತ್ತಲೂ ಚರ್ಮಕ್ಕೆ ತಾಗಿದೆಯಾ, ಕಣ್ಣಿನ ಪಕ್ಕದಲ್ಲಿ, ಮೂಗಿನ ಕೆಳಗೆ ಸಂದು ಇದೆಯಾ ಅಂತ ಇನ್ನೊಬ್ಬರು ನೋಡಲಿ. ಆಮೇಲೆ ಬಾಯಲ್ಲಿ ಸ್ನಾರ್ಕೆಲ್ (ಉಸಿರಾಡುವ ಕೊಳವೆ) ಇಟ್ಟುಕೊಳ್ಳಿ. ಸ್ನಾರ್ಕೆಲ್ ಕಚ್ಚಿದಾಗ ಕೆನ್ನೆಯ ಆಕಾರವೇ ಬೇರೆಯಾಗುತ್ತದೆ. ಮೂಗಿನಿಂದ ತೀರಾ ಹಗುರಾಗಿ ಎಳೆದು ತಲೆ ಬಗ್ಗಿಸಿ, ಮಾಸ್ಕ್ ನಿಲ್ಲಬೇಕು. ಈಗ ಒಂದೇ ಕೈಯಲ್ಲಿ, ಎರಡು ಬೆರಳಿನಿಂದ ಮೂಗು ಹಿಡಿದು ಕಿವಿ ಈಕ್ವಲೈಸ್ ಮಾಡಿ. ಬೆರಳಿಗೆ ಶ್ರಮ ಅನ್ನಿಸಿದರೆ ಆ ಮಾಸ್ಕ್ ಅಲ್ಲೇ ಬಿಟ್ಟುಬಿಡಿ, ಉಳಿದದ್ದೆಲ್ಲ ಚೆನ್ನಾಗಿದ್ದರೂ ಸರಿ. ನನ್ನ ಮಟ್ಟಿಗೆ ಮೂಗಿನ ಭಾಗವೇ ಎಲ್ಲಕ್ಕಿಂತ ಮುಖ್ಯ. ಕೊನೆಗೆ ಗಾಜನ್ನು ಅಂಗೈಯಿಂದ ಮುಖದ ಕಡೆಗೆ ಮೆಲ್ಲಗೆ ಒತ್ತಿ. ಆಳದಲ್ಲಿ ಫ್ರೇಮ್ ಎಲ್ಲಿ ತಾಗುತ್ತದೆ ಅಂತ ಆಗಲೇ ತಿಳಿಯುತ್ತದೆ.

ಪಟ್ಟಿ ಬಿಗಿ ಮಾಡಿದರೆ ಸೋರುವುದು ನಿಲ್ಲುತ್ತದೆ ಅನ್ನುವ ಮಾತು ಕೇಳಬೇಡಿ. ಜಾಸ್ತಿ ಬಿಗಿದರೆ ಅಂಚು ಮಡಚಿಕೊಂಡು ಇನ್ನೂ ಸೋರುತ್ತದೆ. ಮೀಸೆ ಇದ್ದವರಿಗೆ ಮೂಗಿನ ಕೆಳಗೆ ಸ್ವಲ್ಪ ನೀರು ಬರುವುದು ಸಹಜ. ಗಾಜು ಬಿಟ್ಟು ಪ್ಲಾಸ್ಟಿಕ್ ಲೆನ್ಸ್ ಇರುವ ಮಾಸ್ಕ್‌ಗಳೂ ಇವೆ. ಮಂಜು ಕಟ್ಟದಿರಲಿ ಅಂತ ಅವಕ್ಕೆ ಟೂತ್‌ಪೇಸ್ಟ್ ಉಜ್ಜಿದರೆ ಗೀರು ಬೀಳುತ್ತದೆ, ಲೈಟರ್ ಹಿಡಿದರೆ ಕೆಟ್ಟೇ ಹೋಗುತ್ತದೆ.

ಇನ್ನೆರಡು ವಸ್ತುಗಳನ್ನು ಫ್ರೀಡೈವಿಂಗ್‌ಗೆ ಯಾರು ಕೊಟ್ಟರೂ ತೆಗೆದುಕೊಳ್ಳಬೇಡಿ. ಒಂದು, ಈಜುವ ಕನ್ನಡಕ. ಮೂಗು ಹೊರಗಿರುವುದರಿಂದ ಅದರೊಳಗೆ ಗಾಳಿ ಕೊಡಲು ದಾರಿಯೇ ಇಲ್ಲ. ಇನ್ನೊಂದು, ಮುಖ ಪೂರ್ತಿ ಮುಚ್ಚುವ ಸ್ನಾರ್ಕೆಲ್ ಮಾಸ್ಕ್. ಅದರೊಳಗೆ ಜಾಗ ವಿಪರೀತ, ಮೂಗು ಹಿಡಿಯಲೂ ಆಗುವುದಿಲ್ಲ. ಅದು ನೀರಿನ ಮೇಲೆ ತೇಲುತ್ತಾ ನೋಡುವುದಕ್ಕೆ ಮಾತ್ರ.

ಹೊಸ ಮಾಸ್ಕ್ ಹಾಕಿಕೊಂಡು ನೇರ ಆಳಕ್ಕೆ ಹೋಗಬೇಡಿ. ಮೊದಲ 10 ಮೀಟರ್‌ನಲ್ಲೇ ಒತ್ತಡ ಎರಡರಷ್ಟಾಗುತ್ತದೆ, ಹಾಗಾಗಿ ಅದರ ಗುಣ ಕಡಿಮೆ ಆಳದಲ್ಲೇ ಗೊತ್ತಾಗುತ್ತದೆ. ಎಳೆತ ಅನ್ನಿಸಿದರೆ ಮೂಗಿನಿಂದ ಚೂರು ಗಾಳಿ ಬಿಡಿ. ಎಳೆತ ಹೋಗಲಿಲ್ಲವಾ, ಅಲ್ಲಿಂದಲೇ ತಿರುಗಿ. ಒಬ್ಬರೇ ಅಂತೂ ಇಳಿಯಲೇಬೇಡಿ. ಹೊಸ ಮಾಸ್ಕ್ ಹೇಗೆ ಕಳಚುತ್ತದೆ ಅಂತ ಜೊತೆಗಾರರಿಗೂ ತೋರಿಸಿ. ನೀವು ಪ್ರಜ್ಞೆ ತಪ್ಪಿದರೆ ಮುಖ ನೀರಿನಿಂದ ಎತ್ತಿ ಅವರು ಮೊದಲು ತೆಗೆಯುವುದೇ ಅದನ್ನು.

ನನ್ನ ಮಾಸ್ಕನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ನೀರಿಗೆ ಇಳಿಸಿದ್ದನ್ನು ಬದಲಿಸುವುದಿಲ್ಲ ಅಂದರು. ಈಜುಕೊಳದಲ್ಲಿ ಒಮ್ಮೆ ಹಾಕಿ ನೋಡಿ ಬದಲಿಸಬಹುದಾ ಅಂತ ದುಡ್ಡು ಕೊಡುವ ಮುಂಚೆಯೇ ಕೇಳಿ, ಹೌದು ಅಂದರೆ ಬಿಲ್ ಮೇಲೆ ಬರೆಸಿಕೊಳ್ಳಿ.