ಆನೆಗೊಂದಿಯ ಬಂಡೆ ಮೇಲೆ ಕಿನ್ನಾಳದ ಗೊಂಬೆ ನಡೆಸಲು ಬ್ಲೆಂಡರ್ ಸಾಕೇ?

ಸಾಕು, ಆದರೆ ಒಂದೆರಡು ಕಡೆ ಕೈ ಕೊಡುತ್ತದೆ. ಕೊಪ್ಪಳ, ಬಳ್ಳಾರಿ ಕಡೆ ಕಡಿಮೆ ದುಡ್ಡಿನಲ್ಲಿ ಕಿರುಚಿತ್ರ ಮಾಡುವವರು, ಮೊಬೈಲಲ್ಲಿ ತೆಗೆದ ದೃಶ್ಯದೊಳಗೆ ಅನಿಮೇಷನ್ ಪಾತ್ರ ಕೂರಿಸಲು ಬ್ಲೆಂಡರ್ ಎಂಬ ಈ 3ಡಿ ಅನಿಮೇಷನ್ ಸಾಫ್ಟ್‌ವೇರನ್ನು ನಂಬಬಹುದು. ಪೂರ್ತಿ ಉಚಿತ, ವಾಟರ್‌ಮಾರ್ಕ್, ತಿಂಗಳ ಬಾಡಿಗೆಯ ರಗಳೆ ಇಲ್ಲ.

ಇದರ ದೊಡ್ಡ ಬಲ ಕ್ಯಾಮೆರಾ ಟ್ರ್ಯಾಕಿಂಗ್. ವಿಡಿಯೋದಲ್ಲಿನ ಚುಕ್ಕೆಗಳನ್ನು ಹಿಂಬಾಲಿಸಿ, ಕ್ಯಾಮೆರಾ ಹೇಗೆ ಚಲಿಸಿತೆಂದು ಅದೇ ಲೆಕ್ಕ ಹಾಕುತ್ತದೆ. ಲೆಕ್ಕಕ್ಕೆ ಆಧಾರವಾಗಿ ಆಯ್ದ ಎರಡು ಫ್ರೇಮುಗಳಲ್ಲೂ (ಕೀಫ್ರೇಮ್) ಕಾಣುವ ಕನಿಷ್ಠ 8 ಚುಕ್ಕೆ ಬೇಕು. 20-25 ಇಟ್ಟರೆ ನೆಮ್ಮದಿ. ನಮ್ಮ ಗ್ರಾನೈಟ್ ಬಂಡೆಗಳಲ್ಲಿ ಬಿರುಕು, ಮಳೆನೀರು ಇಳಿದ ಕಪ್ಪು ಗೀರು ಧಾರಾಳವಾಗಿರುವುದರಿಂದ ಚುಕ್ಕೆಗೆ ಬರವಿಲ್ಲ. ಹುಲ್ಲು, ಎಲೆ, ತುಂಗಭದ್ರೆಯ ನೀರಿನ ಮೇಲೆ ಮಾತ್ರ ಇಡಬೇಡಿ. ಇನ್ನೊಂದು ಮೋಸದ ಜಾಗವಿದೆ: ಹತ್ತಿರದ ಬಂಡೆಯ ಅಂಚು ದೂರದ ಬಂಡೆಯ ಅಂಚನ್ನು ದಾಟುವಲ್ಲಿ ಒಂದು ಮೂಲೆ ಕಾಣುತ್ತದೆ. ಅಂಥ ಬಿಂದು ನೆಲದ ಮೇಲೆ ಎಲ್ಲೂ ಇರುವುದಿಲ್ಲ. ಕ್ಯಾಮೆರಾ ಸರಿದಂತೆ ಅದೂ ಜಾರಿ ಇಡೀ ಲೆಕ್ಕ ಕೆಡಿಸುತ್ತದೆ. ಸಾಲ್ವ್ ಎರರ್, ಅಂದರೆ ಲೆಕ್ಕ ಹಾಕಿದ ಜಾಗಕ್ಕೂ ಚುಕ್ಕೆ ನಿಜಕ್ಕೂ ಇರುವ ಜಾಗಕ್ಕೂ ನಡುವಿನ ಸರಾಸರಿ ವ್ಯತ್ಯಾಸ, 1 ಪಿಕ್ಸೆಲ್‌ಗಿಂತ ಕಡಿಮೆ ಇರಲಿ. 0.3ರ ಸುತ್ತ ಬಂದರೆ ಗೊಂಬೆಯ ಕಾಲು ಬಂಡೆಗೆ ಕಚ್ಚಿ ನಿಲ್ಲುತ್ತದೆ, 2 ದಾಟಿದರೆ ತೇಲುತ್ತದೆ.

ಎರರ್ ಇಳಿಯದಿದ್ದರೆ ತಪ್ಪು ಬಹುಮಟ್ಟಿಗೆ ಶೂಟಿಂಗಿನದು. ಮೊಬೈಲಿನ ಸ್ಟೆಬಿಲೈಸೇಷನ್ ಪ್ರತಿ ಫ್ರೇಮನ್ನೂ ಬೇರೆ ಬೇರೆ ಥರ ಎಳೆದು ಕತ್ತರಿಸುತ್ತದೆ, ಅದನ್ನು ಆಫ್ ಮಾಡಿ. ಫ್ರೇಮ್‌ರೇಟ್ ಏರಿಳಿಯುವ ಫೋನಾದರೆ ಎಫ್ಎಫ್‌ಎಂಪೆಗ್ ಎಂಬ ವಿಡಿಯೋ ಪರಿವರ್ತಕದಲ್ಲಿ ಸೆಕೆಂಡಿಗೆ ಸ್ಥಿರ 24 ಫ್ರೇಮಿಗೆ ತಂದು, ಫ್ರೇಮಿಗೊಂದು ಚಿತ್ರದಂತೆ ಪಿಎನ್‌ಜಿ ಸರಣಿಯಾಗಿ ಬಿಡಿಸಿಕೊಂಡು ಆಮೇಲೆ ಒಳಗೆ ಹಾಕಿ. ನಿಂತಲ್ಲೇ ಫೋನ್ ತಿರುಗಿಸಿದರೆ ಆಳದ ಲೆಕ್ಕ ಸಿಗದು. ನಾಲ್ಕೈದು ಹೆಜ್ಜೆ ಪಕ್ಕಕ್ಕೆ ನಡೆಯಬೇಕು.

ನಮ್ಮ ಬಿಸಿಲಿನದು ಬೇರೆಯೇ ಸಮಸ್ಯೆ. ಎಫ್ 1.8 ಲೆನ್ಸ್, ಐಎಸ್ಒ 50, ಚಲನೆಗೆ ಸಹಜ ಮಸುಕು ಕೊಡುವ ಶಟರ್ 1/50 ಬೇಕೆಂದರೆ, ಬೆಳಕನ್ನು 64ರಲ್ಲಿ ಒಂದು ಪಾಲಿಗೆ ಇಳಿಸುವ ಎನ್‌ಡಿ 64 ಫಿಲ್ಟರ್ ಹಾಕಲೇಬೇಕು. ಇಲ್ಲದಿದ್ದರೆ ಶಟರ್ 1/4000ರ ಹತ್ತಿರ ಹೋಗಿ, ಓಡುವ ಮನುಷ್ಯನೂ ಕೆತ್ತಿದಂತೆ ಚೂಪಾಗಿ ಬರುತ್ತಾನೆ. ಹಾಗೆ ಬಂದಿದ್ದರೆ ಗೊಂಬೆಯ ಮೋಷನ್ ಬ್ಲರನ್ನೂ ತೆಗೆದುಬಿಡಿ. ಒಬ್ಬರದು ಮಸುಕು, ಇನ್ನೊಬ್ಬರದು ಚೂಪು ಆದರೆ ನೋಡುವವರಿಗೆ ಕೂಡಲೇ ಗೊತ್ತಾಗುತ್ತದೆ.

ನಂಬಿಕೆ ಹುಟ್ಟಿಸುವುದು ಗೊಂಬೆಯಲ್ಲ, ಅದರ ನೆರಳು. ಜಾಗ ಬಿಡುವ ಮೊದಲು 1 ಮೀಟರ್ ಕೋಲೊಂದನ್ನು ಸಮತಟ್ಟು ನೆಲದಲ್ಲಿ ನೆಟ್ಟಗೆ ನಿಲ್ಲಿಸಿ, ಅದೇ ಕ್ಯಾಮೆರಾದಲ್ಲಿ ಒಂದು ಫೋಟೋ ತೆಗೆಯಿರಿ. ನೆರಳೂ 1 ಮೀಟರ್ ಇದ್ದರೆ ಸೂರ್ಯ 45 ಡಿಗ್ರಿ ಮೇಲಿದ್ದಾನೆ. 58 ಸೆಂಟಿಮೀಟರ್ ಇದ್ದರೆ 60. ನೆರಳು ಬಿದ್ದ ದಿಕ್ಕು, ಈ ಕೋನ ಎರಡನ್ನೂ ಬ್ಲೆಂಡರ್‌ನೊಳಗಿನ ಸೂರ್ಯನಾದ ಸನ್ ಲ್ಯಾಂಪಿಗೆ ಕೊಟ್ಟು, ನೆರಳಿನ ಅಂಚಿನ ಮಸುಕು ತೀರ್ಮಾನಿಸುವ ಅದರ ‘ಆ್ಯಂಗಲ್’ ಸೆಟ್ಟಿಂಗನ್ನು ಅರ್ಧ ಡಿಗ್ರಿ ಇಡಿ. ದೃಶ್ಯದ ಅಳತೆ ಹೊಂದಿಸಲೂ ಅದೇ ಕೋಲು ಬಳಕೆಗೆ ಬರುತ್ತದೆ. ನೆಲಕ್ಕೆ ಚಪ್ಪಟೆ ಹಾಳೆ ಹಾಸಿ ಶ್ಯಾಡೋ ಕ್ಯಾಚರ್ (ತಾನು ಕಾಣದೆ ನೆರಳನ್ನಷ್ಟೇ ಹಿಡಿಯುವ ಮೇಲ್ಮೈ) ಮಾಡಿದರೆ ರಸ್ತೆಗಾದರೆ ಸರಿ, ಬಂಡೆಗೆ ಸಾಲದು. ಬಂಡೆಯ ಉಬ್ಬುತಗ್ಗನ್ನು ಒರಟಾಗಿಯಾದರೂ ಮಾಡೆಲ್ ಮಾಡಿದರೆ ನೆರಳು ಅದರ ಮೇಲೆ ಬಾಗಿ ಬೀಳುತ್ತದೆ.

ಬಣ್ಣದ ವಿಷಯದಲ್ಲಿ ಬ್ಲೆಂಡರ್‌ನ ಮೂಲ ಸೆಟ್ಟಿಂಗ್ ಈ ಕೆಲಸಕ್ಕೆ ಹೊಂದುವುದಿಲ್ಲ. 4.0 ಆವೃತ್ತಿಯಿಂದ, ಬಣ್ಣ ಪರದೆಯಲ್ಲಿ ಹೇಗೆ ಕಾಣಬೇಕೆಂದು ತೀರ್ಮಾನಿಸುವ ವ್ಯೂ ಟ್ರಾನ್ಸ್‌ಫಾರ್ಮ್ ಎಜಿಎಕ್ಸ್ ಎಂಬ ಆಯ್ಕೆಯಲ್ಲಿರುತ್ತದೆ. ತೆಗೆದ ವಿಡಿಯೋ ಅದರಲ್ಲಿ ಕಳೆಗುಂದುತ್ತದೆ. ಸ್ಟ್ಯಾಂಡರ್ಡ್‌ಗೆ ಬದಲಿಸಿ. ಬಳ್ಳಾರಿ ಕಡೆ ಧೂಳಿನ ಗಾಳಿಯಲ್ಲಿ ದೂರದ ಕಪ್ಪು ಎಂದೂ ಅಚ್ಚ ಕಪ್ಪಾಗಿ ಕಾಣದು. ಗೊಂಬೆಯ ಕಪ್ಪನ್ನೂ, ಕಪ್ಪು-ಬೆಳಕು ಹೊಂದಿಸುವ ಕರ್ವ್ಸ್‌ನಲ್ಲಿ ಅಷ್ಟೇ ಮೇಲೆತ್ತಿ, ಒಂದು ಪಿಕ್ಸೆಲ್‌ನಷ್ಟು ಬ್ಲರ್ ಕೊಡಿ.

ಗೊಂಬೆಗೆ ಕೈಯಲ್ಲಿ ಆಡಿಸಿದ ಗುಣ ಬೇಕಿದ್ದರೆ ಚಲನೆಯ ಗೆರೆ ತಿದ್ದುವ ಗ್ರಾಫ್ ಎಡಿಟರಿನಲ್ಲಿ, ಪ್ರತಿ ಭಂಗಿಯನ್ನು ಕೆಲವು ಫ್ರೇಮ್ ಹಿಡಿದಿಡುವ ಸ್ಟೆಪ್ಡ್ ಮಾಡಿಫೈಯರ್ ಹಾಕಿ 2 ಎಂದು ಕೊಡಿ. ಸೆಕೆಂಡಿಗೆ 12 ಭಂಗಿ ಬರುತ್ತದೆ. ನಟ ಗೊಂಬೆಯನ್ನು ಕೈಯಲ್ಲಿ ಹಿಡಿದ ದೃಶ್ಯದಲ್ಲಿ ಇದು ಬೇಡ. ಕೈ 24ರಲ್ಲಿ ಸರಿದು ಗೊಂಬೆ 12ರಲ್ಲಿ ಜಿಗಿದರೆ ಬೆರಳಿನಿಂದ ಜಾರುತ್ತಿರುವಂತೆ ಕಾಣುತ್ತದೆ.

ಇನ್ನು ಕೊರತೆಗಳು. ಬ್ಲೆಂಡರ್‌ನೊಳಗೇ ಚಿತ್ರ ಬಿಡಿಸುವ ಸಾಧನವಾದ ಗ್ರೀಸ್ ಪೆನ್ಸಿಲಿನಲ್ಲಿ ಬರೆದ ಚಿತ್ರದ ನೆರಳು ಬೇರೆ ವಸ್ತುಗಳ ಮೇಲೆ ಬೀಳುವುದಿಲ್ಲ. ಮೋರನಾಳದ ತೊಗಲುಗೊಂಬೆಯ ಥರದ ಪಾತ್ರ ಬೇಕಿದ್ದರೆ ಚಿತ್ರವನ್ನು ಹಿನ್ನೆಲೆಯಿಲ್ಲದ ಪಿಎನ್‌ಜಿ ಮಾಡಿ, ಚಪ್ಪಟೆ ಹಾಳೆಗೆ (ಪ್ಲೇನ್) ಅಂಟಿಸಿ ಆಡಿಸುವುದೇ ದಾರಿ. ಅದಕ್ಕಿಂತ ಬೇಸರ ತರಿಸುವುದು ಮಾಸ್ಕ್. ನಟ ಗೊಂಬೆಯ ಮುಂದೆ ಹಾದುಹೋದರೆ ಅವನ ಅಂಚನ್ನು ಕೈಯಲ್ಲೇ ಬಿಡಿಸಬೇಕು, ತಾನಾಗಿ ಕತ್ತರಿಸುವ ಸೌಲಭ್ಯ ಇಲ್ಲ. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಇದಕ್ಕೆ ಮ್ಯಾಜಿಕ್ ಮಾಸ್ಕ್ ಇದೆ, ಅದೂ ದುಡ್ಡು ಕೊಟ್ಟ ಆವೃತ್ತಿಗೆ ಮಾತ್ರ. ಹಾಗಾಗಿ ಚಿತ್ರಕತೆ ಬರೆಯುವಾಗಲೇ ನಟನನ್ನು ಗೊಂಬೆಯ ಹಿಂದೆ ನಿಲ್ಲಿಸುವುದು ಜಾಣತನ.

ರೆಂಡರ್ ಎಂಪಿ4ಗೆ ಬೇಡ, ಪಿಎನ್‌ಜಿಗೆ ಹಾಕಿ. ಶಕ್ತಿನಗರದಲ್ಲಿ ಕರೆಂಟ್ ಉತ್ಪಾದಿಸಿದರೂ ರಾಯಚೂರಿನ ಬೇಸಿಗೆಯಲ್ಲಿ ಅದು ಹೋಗುವುದು ತಪ್ಪಿಲ್ಲ. ನಡುವೆ ಹೋದರೆ ಎಂಪಿ4 ಪೂರ್ತಿ ಹಾಳು. ಪಿಎನ್‌ಜಿಯಾದರೆ ಆದಷ್ಟು ಫ್ರೇಮ್ ಉಳಿದಿರುತ್ತದೆ. ಓವರ್‌ರೈಟ್ ಟಿಕ್ ತೆಗೆದಿಟ್ಟರೆ ಕರೆಂಟ್ ಬಂದ ಮೇಲೆ ನಿಂತ ಫ್ರೇಮಿನಿಂದಲೇ ಮುಂದುವರಿಯುತ್ತದೆ.